ಲೋಹದ ಪ್ರದರ್ಶನದಲ್ಲಿ ಲೋಹವೆಲ್ಲಿ?

ಮಾನ್ಯರೇ,

ತುಮಕೂರಿನ ಕಾಲೇಜೊಂದರಲ್ಲಿ ಶನಿವಾರ ನಡೆದ ಲೋಹ ಮತ್ತು ಆಧುನಿಕ ವಸ್ತುಗಳ ವಿನ್ಯಾಸ ಪ್ರದರ್ಶನಕ್ಕೆ ‘ಜನಸಾಗರ’ ಹರಿದುಬಂದಿತ್ತೆಂದು ನಿಮ್ಮ ವರದಿ ಹೇಳುತ್ತದೆ. ಆ ಸಾಗರದಲ್ಲಿ ನಾನೂ ಇದ್ದೆ. ಒಂಬತ್ತನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು, ಕ್ಯಾತ್ಸಂದ್ರದಿಂದ ಆಟೊಗೆ ಕೇಳಿದಷ್ಟು ತೆತ್ತು ಹತ್ತಕ್ಕೇ ಹೋದೆ. ಉದ್ಘಾಟಿಸಬೇಕಾದ ಅಧಿಕಾರಿ ದಯಮಾಡಿಸಿದ್ದು ಹನ್ನೆರಡೂಕಾಲಿಗೆ. ಅಲ್ಲಿಯವರೆಗೆ ಸಭಾಂಗಣಕ್ಕೆ ಬೀಗ, ನಮಗೆ ಬಿಸಿಲು. ನೀರು ಕೇಳಿದರೆ ‘ಅದು ಗಣ್ಯರಿಗೆ’ ಎಂದರು.

ಕೊನೆಗೂ ಒಳಗೆ ಹೋದರೆ ಗೋಡೆ ತುಂಬ ಫ್ಲೆಕ್ಸ್! ತಾಮ್ರವೂ ಫ್ಲೆಕ್ಸ್, ಅಲ್ಯೂಮಿನಿಯಂ ಕೂಡ ಫ್ಲೆಕ್ಸ್, 1907ರ ಬೇಕಲೈಟ್ ಎಂಬ ಆದಿಕಾಲದ ಪ್ಲಾಸ್ಟಿಕ್ ಸಹ ಫ್ಲೆಕ್ಸ್. ಅಲ್ಲಿದ್ದ ಅಸಲಿ ಲೋಹವೆಂದರೆ ಬಾಗಿಲಿನ ಬೀಗ ಮತ್ತು ಟೇಪು ಕತ್ತರಿಸಿದ ಕತ್ತರಿ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ‘ಬೆಳ್ಳಿ ಬೆರೆಸಿದ ಉಕ್ಕು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೈ ಸವೆಸಿದ ನನಗೆ ತಡೆಯಲಾಗಲಿಲ್ಲ. ಬೆಳ್ಳಿಯಲ್ಲಪ್ಪ, ಕ್ರೋಮಿಯಂ, ಅದು ಗಾಳಿಗೆ ಸೋಕಿ ಕಣ್ಣಿಗೆ ಕಾಣದ ಪೊರೆ ಕಟ್ಟುವುದರಿಂದಲೇ ತುಕ್ಕು ಹಿಡಿಯುವುದಿಲ್ಲ ಎಂದೆ. ಪಕ್ಕದಲ್ಲಿದ್ದ ಹುಡುಗ, ‘ನಾವು ಬರೆದದ್ದಲ್ಲ ಸರ್, ಪ್ರಿಂಟ್ ಮಾಡಿಸಿದ್ದು’ ಎಂದ. ಅವನನ್ನು ಬೈದು ಏನು ಫಲ?

ಕಲಾಯಿ ಹಾಕುವವರೊಬ್ಬರನ್ನು ಕರೆದು ಕೂರಿಸಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ತವರ ಸವರುವುದನ್ನು ತೋರಿಸಿದ್ದರೆ ಸಾಕಿತ್ತು. ಹುಳಿ ಹಾಕಿದ ಸಾರು ಬರೀ ಹಿತ್ತಾಳೆಯಲ್ಲಿ ಏಕೆ ಕಿಲುಬುತ್ತದೆ, ಸ್ಟೀಲು ಬಂದ ಮೇಲೆ ಕಲಾಯಿಯವರು ಬೀದಿಯಿಂದ ಏಕೆ ಮಾಯವಾದರು ಎಂಬುದು ಹತ್ತೇ ನಿಮಿಷದಲ್ಲಿ ಮಕ್ಕಳಿಗೆ ತಿಳಿಯುತ್ತಿತ್ತು. ಅದಕ್ಕೆಲ್ಲ ಹಣವಿರಲಿಲ್ಲವಂತೆ. ಶಾಲು, ಹಾರ, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಸ್ಮರಣಿಕೆಗಳಿಗೆ ಇತ್ತು.

ಮಾರ್ಸೆಲ್ ಬ್ರಾಯರ್ ಎಂಬ ವಿನ್ಯಾಸಕಾರ 1925ರಲ್ಲಿ ಜರ್ಮನಿಯಲ್ಲಿ ಸೈಕಲ್ಲಿನ ಹ್ಯಾಂಡಲ್ ನೋಡಿ, ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದನಲ್ಲ, ಅದರ ಚಿತ್ರವೂ ಇತ್ತು. ಆತ ಕೂರುವ ಜಾಗಕ್ಕೆ ಬಟ್ಟೆ ಬಿಗಿದಿದ್ದ. ನಮ್ಮ ಬಡಾವಣೆಯ ಬಸ್ ತಂಗುದಾಣಕ್ಕೆ ಆಸನ ಹಾಕಿಸಿದ ಮಹನೀಯರು ಅಷ್ಟನ್ನಾದರೂ ನೋಡಬಾರದಿತ್ತೇ? ಎರಡು ಬೋಳು ಸ್ಟೀಲ್ ಪೈಪು, ಮೇಲೆ ಮೊಳದುದ್ದದ ಸೂರು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ದೋಸೆ ಹುಯ್ಯಬಹುದು, ಕೂರಲಾಗದು. ಎರಡು ಬಾರಿ ಅರ್ಜಿ ಕೊಟ್ಟಿದ್ದೇನೆ. ಮೊದಲ ಸಲ ಮೊಹರು ಒತ್ತಿ ಕಳಿಸಿದರು. ಎರಡನೆಯ ಸಲ ‘ಯಾವ ತಂಗುದಾಣ?’ ಎಂದು ನನ್ನನ್ನೇ ಕೇಳಿದರು. ಶನಿವಾರ ಮೆತ್ತನೆಯ ಸೋಫಾದಿಂದೆದ್ದು ‘ವಿನ್ಯಾಸ ಜನಸ್ನೇಹಿಯಾಗಿರಬೇಕು’ ಎಂದು ಭಾಷಣ ಬಿಗಿದವರು ಅದೇ ಇಲಾಖೆಯವರು!

ಪ್ರದರ್ಶನ ಮಾಡುವುದಾದರೆ ನೆಟ್ಟಗೆ ಮಾಡಲಿ, ಇಲ್ಲವೇ ಜನರನ್ನು ಕರೆಯದಿರಲಿ. ಆ ಪೈಪುಗಳ ಮೇಲೆ ಹಲಗೆಯನ್ನಾದರೂ ಹಾಕಲಿ, ಸೂರನ್ನಾದರೂ ಮುಂದಕ್ಕೆ ಚಾಚಲಿ. ಎರಡೂ ಕೈಲಾಗದಿದ್ದರೆ ಆ ಫ್ಲೆಕ್ಸುಗಳನ್ನೇ ತಂದು ತಂಗುದಾಣಕ್ಕೆ ಕಟ್ಟಲಿ, ನೆರಳಿಗಾದರೂ ಆದೀತು.

– ನಿವೃತ್ತ ಫಿಟ್ಟರ್, ಕ್ಯಾತ್ಸಂದ್ರ, ತುಮಕೂರು