ವಿಪತ್ತಿನ ವೈದ್ಯರಿಗೂ ಕಾಯಂ ಹುದ್ದೆ ಇರಲಿ

ಮಾನ್ಯ ಸಂಪಾದಕರೇ,

ಗುಡ್ಡ ಕುಸಿದ ಜಾಗಕ್ಕೆ ಜೆಸಿಬಿ ಬಂದಷ್ಟೇ ಬೇಗ ತುರ್ತು ಚಿಕಿತ್ಸೆಯ ವೈದ್ಯರೂ ಬರಬೇಕು. ಮಣ್ಣಿನಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವರನ್ನು ಸುಮ್ನೆ ಎಳೆದು ತೆಗೆದರೆ ಆಗುವುದಿಲ್ಲ. ಭಾರ ಸರಿದ ಕೂಡಲೇ ಜಜ್ಜಿದ ಮಾಂಸಖಂಡದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗುತ್ತದೆ, ಅಷ್ಟೊತ್ತು ಮಾತಾಡುತ್ತಿದ್ದವರ ಹೃದಯ ಹೊರಗೆ ಬಂದ ಮೇಲೆ ನಿಂತುಹೋಗಬಹುದು. ಹಾಗಾಗಿ ವೈದ್ಯರು ಕೆಸರಲ್ಲೇ ಮಂಡಿಯೂರಿ, ಕಲ್ಲಿನ ಸಂದಿಯಲ್ಲಿ ಕಾಣುವ ಒಂದು ಕೈಗೆ ಸಲೈನ್ ಹಾಕಿ, ಆಮೇಲೆ ‘ಈಗ ಎತ್ತಿ’ ಅನ್ನಬೇಕು. ಎಂಥ ಕೆಲಸ ಅಲ್ವಾ!

2023ರ ಫೆಬ್ರುವರಿಯಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ನಮ್ಮ ಸೇನೆಯ ‘60 ಪ್ಯಾರಾ ಫೀಲ್ಡ್ ಹಾಸ್ಪಿಟಲ್’ ಎಂಬ ವೈದ್ಯಕೀಯ ತುಕಡಿಯ 99 ಮಂದಿ ಅಲ್ಲಿನ ಇಸ್ಕೆಂದೆರುನ್ ನಗರಕ್ಕೆ ಹೋಗಿ 30 ಹಾಸಿಗೆಯ ಆಸ್ಪತ್ರೆ ನಡೆಸಿದರು. ಅಷ್ಟು ಬೇಗ ಹೊರಡಲು ಆದದ್ದು ತಂಡ ಮೊದಲೇ ಸಿದ್ಧವಿದ್ದದ್ದರಿಂದ. ದುರಂತ ಆದ ಮೇಲೆ ಡಾಕ್ಟರನ್ನು ಹುಡುಕುತ್ತಾ ಕೂತರೆ ಆ ಹೊತ್ತು ಮತ್ತೆ ಸಿಗುವುದಿಲ್ಲ. ಇಂಥ ದುರಂತ ನಮಗೂ ಹೊಸದಲ್ಲ: ಕೊಡಗು 2018ರಲ್ಲಿ ಕುಸಿಯಿತು, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು, ಅದೇ ತಿಂಗಳು ಪಕ್ಕದ ವಯನಾಡು.

ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ, ಅಂದರೆ ತುರ್ತು ಚಿಕಿತ್ಸೆಯ ಓದಿಗೆ, ಪ್ರತ್ಯೇಕ ವಿಭಾಗವಾಗಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಇದನ್ನು ಓದಿದ ಯುವ ವೈದ್ಯರಿಗೆ ವಿಪತ್ತಿನ ಕೆಲಸವೂ ಒಂದು ವೃತ್ತಿಯಾಗಿ ಕಾಣಬೇಕು. ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಒಂದೆರಡಾದರೂ ಕಾಯಂ ಹುದ್ದೆಗಳನ್ನು ಇದಕ್ಕೇ ಮೀಸಲಿಡಲಿ. ಅವರು ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮೊದಲು, ರಾಜ್ಯದ ವಿಪತ್ತು ಸ್ಪಂದನಾ ಪಡೆ (ಎಸ್‌ಡಿಆರ್‌ಎಫ್) ಜೊತೆ ಅಭ್ಯಾಸ ಮಾಡಲಿ. ಆ ಸೇವೆ ಬಡ್ತಿಗೂ ಲೆಕ್ಕಕ್ಕೆ ಬರಲಿ.

– ಓದುಗ, ಮಡಿಕೇರಿ