ನೆಮೆಯಾದ ಓಟದ ಅಂಕಣ: ಮಗಳಿಗೊಂದು ಪತ್ರ

ಪುಟ್ಟಿ,

ಪ್ರಾಚೀನ ಗ್ರೀಸ್‌ನ ನೆಮೆಯಾ ಸ್ಟೇಡಿಯಂನ ಮಾದರಿಗೆ ನೀನು ಬರೆದ ನಕ್ಷೆ ನೋಡಿದೆ. ಸುತ್ತಲೂ ಹಾಕಿರುವ ಕಲ್ಲಿನ ಆಸನಗಳನ್ನು ಅಳಿಸಿಬಿಡು. ಕ್ರಿ.ಪೂ. 330ರ ಸುಮಾರಿನ ಈ ಅಂಕಣದಲ್ಲಿ ಜನ ಕೂರುತ್ತಿದ್ದುದು ಬಹುಪಾಲು ಮಣ್ಣಿನ ಇಳಿಜಾರಿನ ಮೇಲೆ. ಓಟದ ಹಾದಿಯೂ ಅಂಡಾಕಾರವಲ್ಲ, ನೇರ: ಸುಮಾರು 178 ಮೀಟರ್, ಗ್ರೀಕರ ಲೆಕ್ಕಕ್ಕೆ 600 ಅಡಿ. ಅಡಿಯ ಅಳತೆ ಊರಿಗೊಂದು ಥರ. ಒಲಿಂಪಿಯಾದ 600 ಅಡಿ 192 ಮೀಟರ್ ದಾಟುತ್ತದೆ.

ನನ್ನ ಪ್ರಕಾರ ಇಡೀ ಸ್ಟೇಡಿಯಂನ ಜಾಣತನವೆಲ್ಲ ಓಟ ಶುರುವಾಗುವ ಗೆರೆಯಲ್ಲಿದೆ. ಅದು ಅಡ್ಡಕ್ಕೆ ಹೂತ ಕಲ್ಲಿನ ಪಟ್ಟಿ, ಮೇಲೆ ಎರಡು ಸಮಾನಾಂತರ ತೋಡು. ಓಟಗಾರ ಬಗ್ಗಿ ಕೂರುವುದಿಲ್ಲ. ನಿಂತೇ, ಒಂದು ಕಾಲು ತುಸು ಮುಂದಿಟ್ಟು, ಕಾಲ್ಬೆರಳುಗಳನ್ನು ತೋಡಿಗೆ ಊರುತ್ತಾನೆ.

ಎಲ್ಲರನ್ನೂ ಒಂದೇ ಗಳಿಗೆಗೆ ಬಿಡುವುದೇ ಕಷ್ಟದ ಕೆಲಸ. ಗ್ರೀಸ್‌ನ ಇನ್ನೊಂದು ಕ್ರೀಡಾಸ್ಥಳ ಇಸ್ತ್ಮಿಯಾದ ಹಳೆಯ ಅಂಕಣದಲ್ಲಿ 16 ಬಾಗಿಲು, ಒಂದೊಂದಕ್ಕೂ ಒಂದು ದಾರ. ಹಿಂದಿನ ಗುಂಡಿಯಲ್ಲಿ ನಿಂತವನು ಅವನ್ನೆಲ್ಲ ಹಿಡಿದು ಬಿಡಬೇಕು. ತುದಿಯ ದಾರ ಉದ್ದ, ನಡುವಿನದು ಗಿಡ್ಡ. ಉಜ್ಜಾಟವೂ ಒಂದೇ ಸಮ ಇರದು. ಆ ಏರ್ಪಾಟು ಹೆಚ್ಚು ಕಾಲ ಬಾಳಲಿಲ್ಲ.

ನೆಮೆಯಾದಲ್ಲಿ ಹಿಸ್ಪ್ಲೆಕ್ಸ್ ಎಂಬ ಓಟ ಬಿಡುವ ಸಾಧನ ಬಂತು. ಗೆರೆಯ ಎರಡು ತುದಿಗೆ ಎರಡು ಕಂಬ. ಬುಡವನ್ನು ಬಿಗಿಯಾಗಿ ಹುರಿಮಾಡಿದ ಹಗ್ಗದ ಕಂತೆಗೆ ಸಿಕ್ಕಿಸಿರುತ್ತಾರೆ, ಕವಣೆಯಂತ್ರಕ್ಕೂ ಇದೇ ಶಕ್ತಿ. ಕಂಬದಿಂದ ಕಂಬಕ್ಕೆ ಮೊಣಕಾಲಿನ ಎತ್ತರಕ್ಕೊಂದು, ಸೊಂಟದ ಎತ್ತರಕ್ಕೊಂದು ಹಗ್ಗ. ಹಿಂದೆ ನಿಂತವನು ಬಿಟ್ಟೊಡನೆ ಕಂಬಗಳು ರಪ್ಪನೆ ಮುಂದಕ್ಕೆ ಬಿದ್ದು ಹಗ್ಗ ನೆಲಕ್ಕೆ ಬೀಳುತ್ತದೆ. ಎರಡು ಕಂತೆಯ ಹುರಿ ಸಮ ಇಲ್ಲದಿದ್ದರೆ ಒಂದು ಬದಿ ಮೊದಲು ಬೀಳುತ್ತದೆ, ಆ ಬದಿಯವರಿಗೆ ಲಾಭ. ಆತುರಪಟ್ಟವನು ಹಗ್ಗಕ್ಕೇ ಸಿಕ್ಕಿಬೀಳುತ್ತಾನೆ, ಮುಚ್ಚಿಡಲು ಆಗದು. ಮುಂಚೆ ಹೊರಟವರಿಗೆ ಛಡಿಯೇಟು ಬೀಳುತ್ತಿತ್ತು ಎಂಬ ಮಾತು ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಲ್ಲೇ ಇದೆ.

ನೆಲ ಮಣ್ಣಿನದು. ಕ್ರೀಡೆಗೆ ಮುಂಚೆ ಗುದ್ದಲಿಯಿಂದ ಸಡಿಲಿಸಿ ಮಟ್ಟ ಮಾಡಬೇಕು. ಅಂಕಣದ ಅಂಚಿಗೆ ಕಲ್ಲಿನ ಕಾಲುವೆ, ನಡುನಡುವೆ ತೊಟ್ಟಿ ತೋರಿಸು; ನೀರಿನ ಕೆಸರು ತೊಟ್ಟಿಯ ತಳಕ್ಕೆ ಇಳಿದು, ತಿಳಿನೀರು ಮುಂದೆ ಹರಿಯುತ್ತದೆ.

ಆಟಗಾರರು ಒಳಬರುವ 36 ಮೀಟರ್ ಕಮಾನು ಸುರಂಗ ಮರೆಯಬೇಡ, ಅದರ ಗೋಡೆಯ ಮೇಲೆ ಅವರು ಗೀಚಿದ ಹೆಸರುಗಳು ಇಂದಿಗೂ ಇವೆ. 1:200ರಲ್ಲಿ ಓಟದ ಹಾದಿ 89 ಸೆಂ.ಮೀ., ಸುರಂಗ 18 ಸೆಂ.ಮೀ. ಬರುತ್ತದೆ. ಆ ಅಳತೆಯಲ್ಲಿ ತೋಡು ಕಾಣಿಸುವುದಿಲ್ಲ. ಗೆರೆಯ ಒಂದು ತುಂಡನ್ನೂ ಒಂದು ಕಂಬವನ್ನೂ 1:10ರಲ್ಲಿ ಬೇರೆಯಾಗಿ ಮಾಡು.

ಅಪ್ಪ