ದುಡ್ಡು ಕೊಟ್ಟವನ ಸಿಡಿಗೇ ಬೀಗ

ಮಾನ್ಯ ಸಂಪಾದಕರೇ,

ಹಳೇ ಕಂಪ್ಯೂಟರ್ ಇಟ್ಟುಕೊಂಡವರು ತಡಮಾಡದೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ ಎಂದು ನಿಮ್ಮ ಭಾನುವಾರದ ಸಂಚಿಕೆಯಲ್ಲಿ ಬಂದಿತ್ತು. ಮಾತು ಸರಿಯೇ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವತ್ತಿನಿಂದ ನನ್ನ ಅಂಗಡಿಯಲ್ಲೂ ಅದೇ ಕೆಲಸ. ಆದರೆ ಹೊಸದು ಹಾಕಿದ ಮೇಲೆ ಯಾವುದೆಲ್ಲ ಓಡುವುದಿಲ್ಲ ಎಂದು ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಕಾಗದ.

ನಾನು ಡೊಂಬಿವಲಿ ಪೂರ್ವದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಊರು ಕುಂದಾಪುರದ ಕಡೆ. ಹದಿನೇಳನೇ ವಯಸ್ಸಿಗೆ ಮಾವನ ಹೋಟೆಲಿಗೆಂದು ಮುಂಬಯಿಗೆ ಬಂದೆ. ಹಗಲು ಗಲ್ಲಾದಲ್ಲಿ ಕೂತು, ರಾತ್ರಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, 2002ರಲ್ಲಿ ಆರು ಮೆಷೀನ್ ಹಾಕಿ ಸೈಬರ್ ಕೆಫೆ ತೆರೆದೆ. ಮೇಲ್ ನೋಡುವವರಿಗಿಂತ ಗೇಮ್ ಆಡಲು ಬರುವ ಹುಡುಗರೇ ಜಾಸ್ತಿ. ಕೆಫೆ ಈಗಿಲ್ಲ. ಆ ಹುಡುಗರು ಮಾತ್ರ ಈಗ ತಮ್ಮ ಮಕ್ಕಳ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಬಳಿಯೇ ಬರುತ್ತಾರೆ.

ಆಗೆಲ್ಲ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ನಡೆದರೆ ಬೇಕಾದ ಆಟದ ಕಾಪಿ ಸಿಡಿ ಫುಟ್‌ಪಾತಿನಲ್ಲೇ ಸಿಗುತ್ತಿತ್ತು. ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿ ಕೊಡುತ್ತಿದ್ದರು. ನಾನು ಮಾತ್ರ ಒರಿಜಿನಲ್ ತರುತ್ತಿದ್ದೆ. ದೊಡ್ಡ ಪ್ರಾಮಾಣಿಕ ಎಂದೇನೂ ಅಲ್ಲ, ಅಂಗಡಿಗೆ ರೇಡ್ ಬಂದರೆ ಎಂಬ ಹೆದರಿಕೆ. ಒಂದು ಕಾರ್ ರೇಸಿನ ಆಟಕ್ಕೆ 799 ರೂಪಾಯಿ ಕೊಟ್ಟಿದ್ದೆ. ರಸೀದಿ ಇವತ್ತಿಗೂ ಡಬ್ಬಿಯೊಳಗಿದೆ. ಅಕ್ಷರವೆಲ್ಲ ಮಾಸಿ ಬರೀ ಹಳದಿ ಕಾಗದ.

ಕೆಫೆ ಮುಚ್ಚಿದ ಮೇಲೂ ಒಂದು ಮೆಷೀನ್ ಮನೆಯಲ್ಲಿತ್ತು. ಅದರಲ್ಲಿ ಆ ಆಟ ಚೆನ್ನಾಗಿಯೇ ಓಡುತ್ತಿತ್ತು, ಮಗ ರಜೆಯಲ್ಲಿ ಆಡುತ್ತಿದ್ದ. ಕ್ರಮೇಣ ಬ್ಯಾಂಕಿನ ಸೈಟ್ ಅದರಲ್ಲಿ ತೆರೆಯದಾಯಿತು. ಹೋದ ದೀಪಾವಳಿಗೆ ನಾನೇ ಕೂತು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆ. ಬ್ಯಾಂಕ್ ತೆರೆಯಿತು. ಆಟ ತೆರೆಯಲಿಲ್ಲ. ‘ಸರಿಯಾದ ಸಿಡಿ ಹಾಕಿ’ ಎಂದು ಸ್ಕ್ರೀನಿನಲ್ಲಿ ಬರುತ್ತದೆ. ಸಿಡಿ ಡ್ರೈವಿನೊಳಗೇ ಇದೆ. ಗರಗರ ತಿರುಗುವ ಸದ್ದು ಅಡುಗೆಮನೆಗೂ ಕೇಳಿಸುತ್ತಿದೆ. ತೆಗೆದು, ಬನಿಯನ್ನಿನಲ್ಲಿ ಒರೆಸಿ, ಮತ್ತೆ ಹಾಕಿದೆ. ಸರಿಯಾದ ಸಿಡಿ ಹಾಕಿ. ಮಗ ನನ್ನ ಮುಖ ನೋಡಿದ. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಆದ ಅವಮಾನ ಇದೆಯಲ್ಲ, ಕೇಳಬೇಡಿ.

ಅಮ್ಮ ಒಳಗಿನಿಂದಲೇ, “ಆ ಸಿಡಿ ಕೊಡ್ ಮಗಾ, ಗ್ರಿಲ್ಲಿಗೆ ಕಟ್ಟಿರೆ ಪಾರಿವಾಳ ಬತ್ತಿಲ್ಲೆ” ಎಂದರು. ನಮ್ಮ ಬಿಲ್ಡಿಂಗಿನಲ್ಲಿ ಹಳೇ ಸಿಡಿಗಳಿಗೆ ಈಗ ಉಳಿದಿರುವುದು ಅದೊಂದೇ ಉದ್ಯೋಗ.

ನನ್ನ ಸಿಡಿ ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಆ ಕಾಲದ ಎಷ್ಟೋ ಆಟಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗ ಹಾಕುತ್ತಿದ್ದರು. ಮ್ಯಾಕ್ರೋವಿಷನ್ ಎಂಬ ಕಂಪನಿ ಮಾಡಿದ್ದು. ಸಿಡಿ ಅಸಲಿಯೋ ಕಾಪಿಯೋ ಎಂದು ನೋಡುವುದು ಅದರ ಕೆಲಸ. ಇದಕ್ಕೆ ಒಂದು ಡ್ರೈವರ್ ಫೈಲ್ ಬೇಕು, ಅದು ವಿಂಡೋಸಿನ ತೀರಾ ಒಳಗೆ ಕೂತು ಕೆಲಸ ಮಾಡುತ್ತಿತ್ತು. ಮನೆ ಕಾಯಲು ಇಟ್ಟವನಿಗೆ ತಿಜೋರಿ ಕೀಲಿಯನ್ನೂ ಕೊಟ್ಟಂತೆ. 2007ರಲ್ಲಿ ಆ ಫೈಲಿನಲ್ಲಿ ತೂತು ಸಿಕ್ಕಿತು, ಕಳ್ಳರು ಅದನ್ನು ಬಳಸಿಯೂ ಬಿಟ್ಟರು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅದೇ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಹಿಂದಿನ ವಿಂಡೋಸ್ ಆವೃತ್ತಿಗಳಾದ ವಿಸ್ತಾ, 7, 8ರಲ್ಲೂ ಅದನ್ನು ಆಫ್ ಮಾಡಿದರು. ಬೀಗ ನೋಡುವವನೇ ಇಲ್ಲ ಎಂದ ಮೇಲೆ ಅಸಲಿ ಸಿಡಿ ತೋರಿಸುವುದು ಯಾರಿಗೆ?

ಡ್ರೈವರ್ ತೆಗೆದದ್ದನ್ನು ನಾನು ತಪ್ಪೆನ್ನುವುದಿಲ್ಲ. ತೂತು ಬಿದ್ದ ಫೈಲನ್ನು ಯಾರೇ ಆದರೂ ತೆಗೆಯಲೇಬೇಕು. ನನ್ನ ಹೊಟ್ಟೆಯುರಿ ಬೇರೆಯೇ. ಫುಟ್‌ಪಾತಿನಲ್ಲಿ ಕಾಪಿ ಮಾರುತ್ತಿದ್ದವರು ಆ ಬೀಗವನ್ನು ಮೊದಲೇ ಕಿತ್ತುಹಾಕಿ ಮಾರುತ್ತಿದ್ದರು. ಹಾಗಾಗಿ ಅವರ ಸಿಡಿಗೆ ಯಾವ ಅಪ್‌ಡೇಟೂ ತಟ್ಟಲಿಲ್ಲ. ನನ್ನ ಕೆಫೆಯ ಹಳೇ ಗಿರಾಕಿಯೊಬ್ಬನ ಬಳಿ ಇದೇ ಆಟದ ಮಾರ್ಕರ್ ಪೆನ್ ಸಿಡಿ ಇದೆ. ಅವನ ಹೊಸ ಮೆಷೀನಿನಲ್ಲಿ ಅದು ಇವತ್ತಿಗೂ ಓಡುತ್ತದೆ. ತೋರಿಸಿ ನಕ್ಕ. ನಾನೂ ನಕ್ಕೆ, ಇನ್ನೇನು ಮಾಡುವುದು?

ಎಲ್ಲದಕ್ಕೂ ಅಪ್‌ಡೇಟನ್ನೇ ಬೈಯುವ ಅಭ್ಯಾಸವೂ ಸರಿಯಲ್ಲ. ಇದಕ್ಕೊಂದು ಚೆಂದದ ಕಥೆಯಿದೆ. ಜಿಟಿಎ ಸ್ಯಾನ್ ಆಂಡ್ರಿಯಾಸ್ 2004ರಲ್ಲಿ ಬಂದ ಆಟ, ನನ್ನ ಕೆಫೆಯ ಬಾಡಿಗೆ ಕಟ್ಟಿದ ಆಟಗಳಲ್ಲಿ ಒಂದು. ಅದರಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲೆ ಇಳಿಯುವ ವಿಮಾನವಿದೆ. 2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ 24ಎಚ್2 ಎಂಬ ಅಪ್‌ಡೇಟ್ ಬಂತು. ಅದನ್ನು ಹಾಕಿಕೊಂಡವರ ಆಟದಲ್ಲಿ ಆ ವಿಮಾನವೇ ಮಾಯ! ಬಲವಂತವಾಗಿ ತರಿಸಿ ಹತ್ತಿದರೆ ಹೀರೋ ಸೀದಾ ಆಕಾಶಕ್ಕೆ ಹಾರಿಹೋಗುತ್ತಿದ್ದ. ಇದು ಮೈಕ್ರೋಸಾಫ್ಟಿನದೇ ತಪ್ಪು ಎಂದು ಯಾರಿಗಾದರೂ ಅನಿಸಬೇಕು. ಈ ಆಟದ ತಪ್ಪು ತಿದ್ದುವ ಪ್ಯಾಚ್ ಬರೆಯುವ ಒಬ್ಬ ಪ್ರೋಗ್ರಾಮರ್ ಕೂತು ಹುಡುಕಿದ. ಪ್ರತಿ ವಾಹನದ ಅಳತೆಗೆ ಆಟದೊಳಗೆ ಒಂದೊಂದು ಸಾಲು ಇರುತ್ತದೆ. ಇದರ ಹಿಂದಿನ ಆಟದಲ್ಲಿ ಸ್ಕಿಮ್ಮರ್ ದೋಣಿಗಳ ಪಟ್ಟಿಯಲ್ಲಿತ್ತು, ದೋಣಿಗೆ ಚಕ್ರದ ಅಳತೆ ಯಾಕೆ? ಇಲ್ಲಿ ಅದನ್ನು ವಿಮಾನ ಮಾಡಿದಾಗ ಚಕ್ರದ ಅಳತೆ ಬರೆಯುವುದನ್ನು ಮರೆತರು.

ಹಾಗಾದರೆ ಇಪ್ಪತ್ತು ವರ್ಷ ಹೇಗೆ ಹಾರಿತು? ಹೋಟೆಲಿನವನಾಗಿ ಹೇಳುತ್ತೇನೆ. ಹಿಂದಿನ ಗಿರಾಕಿಯ ಆರ್ಡರ್ ಸ್ಲೇಟಿನಲ್ಲಿ ಒರೆಸದೆ ಉಳಿದಿದೆ. ಹೊಸಬ ಬಂದು ಬಾಯಿಯೇ ಬಿಡಲಿಲ್ಲ. ಮಾಣಿ ಸ್ಲೇಟ್ ನೋಡಿ ಅದೇ ಇಡ್ಲಿ ವಡೆ ತಂದಿಟ್ಟ. ಹೊಸಬನಿಗೂ ಅದೇ ಬೇಕಿತ್ತು, ಸುಮ್ನೆ ತಿಂದ. ಇಲ್ಲೂ ಹಾಗೆಯೇ, ಪಟ್ಟಿಯಲ್ಲಿ ಇದಕ್ಕಿಂತ ಮೊದಲಿದ್ದ ಒಂದು ವ್ಯಾನಿನ ಚಕ್ರದ ಅಳತೆ ಮೆಮೊರಿಯಲ್ಲಿ ಉಳಿದಿರುತ್ತಿತ್ತು, ವಿಮಾನ ಅದನ್ನೇ ಎತ್ತಿಕೊಳ್ಳುತ್ತಿತ್ತು. ಹೊಸ ವಿಂಡೋಸ್ ಅದೇ ಜಾಗದಲ್ಲಿ ತನ್ನ ಲೆಕ್ಕ ಬರೆದುಕೊಂಡಿತು. ಅಷ್ಟೇ. ಆ ಜಾಗ ಬಳಸಲು ಅದಕ್ಕೆ ಪೂರ್ತಿ ಹಕ್ಕಿತ್ತು. ತಪ್ಪು 2004ರದ್ದು, ಬೈಗುಳ 2024ಕ್ಕೆ.

ಒಂದು ಕಾಲದಲ್ಲಿ ಇಂಥ ತಪ್ಪನ್ನೂ ಸಿಸ್ಟಂನವರೇ ಹೊತ್ತುಕೊಳ್ಳುತ್ತಿದ್ದರು. ಸಿಮ್‌ಸಿಟಿ ಎಂಬ ಆಟ ತಾನು ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಇಣುಕಿ ನೋಡುತ್ತಿತ್ತು. ವಿಂಡೋಸ್ 95 ಮಾಡುವಾಗ ಇದು ಕಣ್ಣಿಗೆ ಬಿತ್ತು. ಆ ಒಂದು ಆಟ ಓಡುವಾಗ ಬೇರೆ ರೀತಿ ನಡೆದುಕೊಳ್ಳುವ ಹಾಗೆ ವಿಂಡೋಸನ್ನೇ ಬದಲಿಸಿದರು. ಹಳೇ ಗಿರಾಕಿಗೆ ಸಕ್ಕರೆ ಇಲ್ಲದ ಚಾ ಎಂದು ಕೇಳದೆಯೇ ತಂದಿಡುವುದಿಲ್ಲವೇ, ಹಾಗೆ.

ಮುಂಚೆಯೇ ಹೇಳಿ ನಿಲ್ಲಿಸುವುದೂ ಸಾಧ್ಯ. ಆ್ಯಪಲ್ 2019ರ ಅಕ್ಟೋಬರಿನಲ್ಲಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ತಂದ ಕ್ಯಾಟಲೀನಾ ಎಂಬ ಸಿಸ್ಟಂನಲ್ಲಿ 32-ಬಿಟ್ ಎಂಬ ಹಳೇ ಬಗೆಯ ಪ್ರೋಗ್ರಾಂಗಳನ್ನು ಪೂರ್ತಿ ನಿಲ್ಲಿಸಿತು. ಎಷ್ಟೋ ಹಳೇ ಆಟ ಅವತ್ತೇ ಸತ್ತವು. ಆದರೆ 2018ರಿಂದಲೇ ಅಂಥ ಪ್ರೋಗ್ರಾಂ ತೆರೆದಾಗ ಸ್ಕ್ರೀನಿನಲ್ಲಿ ಎಚ್ಚರಿಕೆ ಬರುತ್ತಿತ್ತು. ನನ್ನ ಸಿಡಿಯ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಬೀಗ ಹಾಕಿದವರು ಹೋದರು, ಆಟ ಮಾರಿದವರು ಕೈ ತೊಳೆದುಕೊಂಡರು. ಮತ್ತೆ ದುಡ್ಡು ಕೊಟ್ಟು ಬೀಗವಿಲ್ಲದ ಪ್ರತಿ ತರೋಣವೆಂದರೂ ಈ ಆಟ ಮಾರಾಟದಲ್ಲಿಲ್ಲ. ರೇಸಿನ ಆಟಗಳಲ್ಲಿ ನಿಜವಾದ ಕಾರುಗಳ ಹೆಸರಿಗೆ ಲೈಸೆನ್ಸ್ ಇರುತ್ತದೆ, ಅದರ ಅವಧಿ ಮುಗಿದಾಗ ಆಟವನ್ನೇ ಅಂಗಡಿಯಿಂದ ಇಳಿಸುವುದುಂಟು. ಮಾರುವುದಿಲ್ಲ ಎಂದಾದರೆ, ಹಿಂದೆ ಕೊಂಡವರಿಗಾದರೂ ಬೀಗ ತೆಗೆದ ಒಂದು ಫೈಲನ್ನು ಮಾರಿದವರೇ ಕೊಡಬೇಕು. ಕೆಲವು ಕಂಪನಿಗಳು ಕೊಟ್ಟೂ ಇವೆ. ನಾನು ಕೇಳುವುದು ಇಷ್ಟೇ, ಇದಕ್ಕೆ ದುಡ್ಡು ಕೇಳಿದರೂ ಪರವಾಗಿಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದೇನೆ.

ಆ ಫೈಲ್ ಇಲ್ಲದೆ ಏನಾಗುತ್ತಿದೆ ಗೊತ್ತಾ? ಜನ ಎಲ್ಲೆಲ್ಲಿಂದಲೋ ‘ಕ್ರ್ಯಾಕ್’, ಅಂದರೆ ಬೀಗ ಒಡೆದ ಕಳ್ಳ ಫೈಲ್ ಇಳಿಸಿಕೊಳ್ಳುತ್ತಾರೆ. ಅದರ ಜೊತೆ ವೈರಸ್ಸೂ ಬರುತ್ತದೆ. ಮೊನ್ನೆ ಮುಲುಂಡಿನಿಂದ ಒಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಮಗನ ಆಟಕ್ಕೆಂದು ಇಳಿಸಿದ ಕ್ರ್ಯಾಕಿನಿಂದ ಅವರ ಅಂಗಡಿ ಲೆಕ್ಕವೆಲ್ಲ ಲಾಕ್ ಆಗಿತ್ತು. ನನ್ನಿಂದ ಏನೂ ಮಾಡಲಾಗಲಿಲ್ಲ.

ನಿಮ್ಮ ಬರಹಗಾರರು ಮುಂದಿನ ಸಲ ಈ ವಿಷಯ ಎತ್ತಿಕೊಂಡರೆ ಇಷ್ಟು ಸೇರಿಸಲಿ. ವಿಂಡೋಸ್ 11ಕ್ಕೆ ಹೋದ ಮೇಲೆ ಬೇಡವೆನಿಸಿದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನ ಮಾತ್ರ ಅವಕಾಶ. ಹಾಗಾಗಿ ಬೇಕಾದ ಆಟ, ಪ್ರೋಗ್ರಾಂ ಎಲ್ಲವನ್ನೂ ಮೊದಲ ವಾರವೇ ಒಮ್ಮೆ ತೆರೆದು ನೋಡಿ. ತೆರೆಯದಿದ್ದರೆ ಆಟದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಿನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ಹಳೇ ವಿಂಡೋಸ್ ಆರಿಸಿ ನೋಡಿ. ವಿಂಡೋಸಿಗೂ ಮುಂಚಿನ ಡಾಸ್ ಎಂಬ ಸಿಸ್ಟಂ ಕಾಲದ ಆಟಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಇದೆ, ತೊಂಬತ್ತರ ದಶಕದ ಎಷ್ಟೋ ಆಟ ಅದರಲ್ಲಿ ಜೀವ ಪಡೆಯುತ್ತವೆ. ಕೆಲವು ಹಳೇ ಸಿಡಿಗಳಲ್ಲಿ ಆಟ 32-ಬಿಟ್ ಆಗಿದ್ದರೂ ಅದನ್ನು ಮೆಷೀನಿಗೆ ಹಾಕುವ ಇನ್‌ಸ್ಟಾಲರ್ ಅದಕ್ಕೂ ಹಳೇ ಬಗೆಯ 16-ಬಿಟ್ ಇರುತ್ತದೆ. ಈಗಿನ 64-ಬಿಟ್ ವಿಂಡೋಸ್ ಅದನ್ನು ಸಾಮಾನ್ಯವಾಗಿ ಓಡಿಸುವುದಿಲ್ಲ. ಮನೆ ಗಟ್ಟಿಯಾಗಿದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಅಂಥದ್ದನ್ನು ಬಿಸಾಡುವ ಮೊದಲು ತಿಳಿದವರಿಗೆ ತೋರಿಸಿ. ಇನ್ನು ಮನೆಯಲ್ಲಿ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಹಳೇ ಸಿಸ್ಟಮ್ಮನ್ನು ಅದರಲ್ಲೇ ಇರಲು ಬಿಡಿ, ಹೊಸದನ್ನು ಬೇರೆ ಡಿಸ್ಕಿಗೆ ಹಾಕಿಸಿ. ಹಳೆಯದಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ.

ನಾನು ಈ ಬುದ್ಧಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಮನೆಯ ಮೆಷೀನಿಗೆ ಮಾತ್ರ ಅವಸರದಲ್ಲಿ ಹಳೇ ಡಿಸ್ಕನ್ನೇ ಫಾರ್ಮ್ಯಾಟ್ ಹೊಡೆದೆ.

ಇತಿ,
ನಿಮ್ಮ ಓದುಗ, ಡೊಂಬಿವಲಿ ಪೂರ್ವ